ಊಟವೇ ನೋಟ ಆದಾಗ

ಕರಿದ ಚೇಳಿಗೆ ಹೇಳಿಕೊಳ್ಳುವಂಥ ರುಚಿ ಏನೂ ಇಲ್ಲ. ಕಾದು ಕಾದು ಕಪ್ಪಾದ ಎಣ್ಣೆಯ ವಾಸನೆ, ಮೇಲೆ ಚಿಮುಕಿಸಿದ ಸೋಯಾ ಸಾಸಿನ ಉಪ್ಪು, ಹಲ್ಲಿಗೆ ಸಿಕ್ಕಿ ಪುಡಿಯಾಗುವ ಟೊಳ್ಳು ಚಿಪ್ಪು. ಅಷ್ಟೇ. 2015ರಲ್ಲಿ ಒಂದು ರಾತ್ರಿ ಬ್ಯಾಂಕಾಕ್‌ನ ಖಾವ್ ಸಾನ್ ರಸ್ತೆಯಲ್ಲಿ ನಿಂತು ನಾನು ಅದನ್ನು ತಿಂದೆ. ಜೊತೆಗಿದ್ದವರು ಫೋಟೊ ತೆಗೆದರು. ಬಾಯಿಗೆ ಇಡುವ ಮುಂಚೆ ಒಂದು, ಕಚ್ಚುವಾಗ ಒಂದು, ಮುಖ ಕಿವುಚಿದಾಗ ಇನ್ನೊಂದು.

ತಳ್ಳುಗಾಡಿಗೆ ಒಂದು ರಟ್ಟಿನ ಚೂರು ನೇತುಹಾಕಿದ್ದರು. ಫೋಟೊಗೆ 10 ಬಾತ್ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಬಾತ್ ಅಂದರೆ ಅಲ್ಲಿಯ ದುಡ್ಡು. ಕೊಳ್ಳುವವರಿಗಿಂತ ಫೋಟೊ ತೆಗೆಯುವವರೇ ಜಾಸ್ತಿ ಇದ್ದರು. ನಾನು ಕಡ್ಡಿ ಹಿಡಿದು ಅಗಿಯುತ್ತಾ ನಿಂತಿದ್ದಾಗ, ಮಾರುವ ಹೆಂಗಸು ಗಾಡಿಯ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ತಮ್ಮ ಊಟದ ಪೊಟ್ಟಣ ಬಿಚ್ಚಿದರು. ಅಂಟು ಅನ್ನವನ್ನು ಬೆರಳಲ್ಲಿ ಸಣ್ಣ ಉಂಡೆ ಮಾಡಿ, ಪಪ್ಪಾಯಿ ಕಾಯಿಯ ಕೋಸಂಬರಿಯಂಥ ಸೋಮ್ ತಮ್‌ನ ರಸದಲ್ಲಿ ಅದ್ದಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಚೇಳಿನ ತಟ್ಟೆಯ ಕಡೆ ಬೆರಳು ತೋರಿಸಿ, ನೀವು ತಿನ್ನಲ್ವಾ ಅಂತ ಸನ್ನೆಯಲ್ಲೇ ಕೇಳಿದೆ. ಅವರು ನಕ್ಕು, ಇಲ್ಲ ಅಂತ ತಲೆಯಾಡಿಸಿದರು. ಆಮೇಲೆ ಆ ಅನ್ನದ ಪೊಟ್ಟಣವನ್ನು ನನ್ನ ಕಡೆ ಸ್ವಲ್ಪ ಚಾಚಿದರು.

ನಾನು ಕೈ ಮುಗಿದು ಬೇಡ ಅಂದೆ.

ಇಷ್ಟು ವರ್ಷ ಆದಮೇಲೂ ಆ ಬೇಡ ಅನ್ನೋದು ನನ್ನನ್ನು ಬಿಟ್ಟಿಲ್ಲ. ಅಷ್ಟು ದೂರ ಹೋಗಿದ್ದು ಅಲ್ಲಿಯವರು ಏನು ತಿಂತಾರೆ ಅಂತ ತಿಳಿಯೋದಕ್ಕೆ. ಒಬ್ಬರು ತಮ್ಮ ಊಟವನ್ನೇ ಮುಂದೆ ಹಿಡಿದರು. ನಾನು ಅದನ್ನು ಬಿಟ್ಟು, ಅವರೇ ತಿನ್ನದ ಚೇಳನ್ನು ದುಡ್ಡು ಕೊಟ್ಟು ತಿಂದೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ. ಬಟ್ಟೆ ಬರೆ ನಾಲ್ಕು ಜನ ನೋಡಿ ಒಪ್ಪುವ ಹಾಗಿರಲಿ, ತಿನ್ನೋದು ಮಾತ್ರ ನಿನ್ನ ನಾಲಿಗೆಗೆ ಬಿಟ್ಟಿದ್ದು ಅಂತ ಅದರ ಅರ್ಥ. ಆ ರಾತ್ರಿ ನನ್ನ ಊಟವೂ ಪರರಿಚ್ಛೆಗೆ ಹೋಗಿತ್ತು. ಹೊಟ್ಟೆ ಕೇಳಿರಲಿಲ್ಲ, ನಾಲಿಗೆ ಕೇಳಿರಲಿಲ್ಲ. ಕೇಳಿದ್ದು ಫೋಟೊ ನೋಡುವ ಕಣ್ಣುಗಳು.

ಖಾವ್ ಸಾನ್ ಅಂದರೆ ಥಾಯ್ ಭಾಷೆಯಲ್ಲಿ ಅಕ್ಕಿ. 1892ರಲ್ಲಿ ಆದ ರಸ್ತೆ ಅದು, ಒಂದು ಕಾಲಕ್ಕೆ ಅಕ್ಕಿ ವ್ಯಾಪಾರದ ಜಾಗ. 1980ರ ದಶಕದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಬರುವ ವಿದೇಶಿ ಹುಡುಗ ಹುಡುಗಿಯರಿಗೆ ಅಲ್ಲಿ ಅಗ್ಗದ ಕೋಣೆಗಳು ಸಿಗತೊಡಗಿದವು. ಆಮೇಲೆ ಅವರಿಗೆ ಬೇಕಾದ್ದೆಲ್ಲ ಬಂತು. ಚೇಳು ಬಂದಿದ್ದೂ ಹಾಗೇ. ಬ್ಯಾಂಕಾಕ್‌ನ ಜನ ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವಾಗ ಚೇಳು ಕಟ್ಟಿಸಿಕೊಂಡು ಹೋಗುವುದಿಲ್ಲ. ಬೀಜಿಂಗ್‌ನ ವಾಂಗ್‌ಫುಜಿಂಗ್ ಹತ್ತಿರದ ಡಾಂಗ್‌ಹುವಾಮೆನ್ ರಾತ್ರಿ ಸಂತೆಯಲ್ಲೂ ಇದೇ ಕಥೆ. ಕಡ್ಡಿಗೆ ಚುಚ್ಚಿದ ಚೇಳು, ಸಮುದ್ರ ನಕ್ಷತ್ರಗಳ ಫೋಟೊ ಜಗತ್ತೆಲ್ಲ ಸುತ್ತಿತು. ಕೊಳ್ಳುವವರೆಲ್ಲ ಬಹುತೇಕ ಹೊರಗಿನಿಂದ ಬಂದವರು. 2016ರಲ್ಲಿ ಆ ಸಂತೆ ಮುಚ್ಚಿತು.

ಹಾಗಂತ ಹುಳ ತಿನ್ನೋದೇ ಸುಳ್ಳು ಅಂದುಕೊಳ್ಳಬೇಡಿ. ಅದೇ ಗಾಡಿಯ ಇನ್ನೊಂದು ತಟ್ಟೆಯಲ್ಲಿ ಕರಿದ ಮಿಡತೆ, ಬಿದಿರು ಹುಳ, ರೇಷ್ಮೆ ಗೂಡಿನ ಹುಳ ಇದ್ದವು. ನಾನು ಅವುಗಳ ಕಡೆ ಸರಿಯಾಗಿ ನೋಡಲೂ ಇಲ್ಲ. ಚೇಳಿನಷ್ಟು ಭಯ ಹುಟ್ಟಿಸಲಿಲ್ಲವಲ್ಲ! ಆದರೆ ನಿಜವಾದ ತಿಂಡಿ ಇದ್ದದ್ದು ಆ ತಟ್ಟೆಯಲ್ಲಿ. ಥಾಯ್ಲೆಂಡಿನ ಈಶಾನ್ಯ ಭಾಗವಾದ ಇಸಾನ್‌ನಲ್ಲಿ ಜನ ತಲೆತಲಾಂತರದಿಂದ ಇವನ್ನು ತಿಂದುಕೊಂಡು ಬಂದಿದ್ದಾರೆ. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚಿದ ಮೇಲೆ ಒಳಗಿನ ಹುಳ ಉಳಿಯುತ್ತದೆ. ಅದನ್ನು ಯಾಕೆ ಎಸೆಯಬೇಕು? ನೂಲು ಮೈಗೆ, ಹುಳ ಹೊಟ್ಟೆಗೆ. ನೂಲು ಬಿಚ್ಚುವ ಹೆಂಗಸರು ಕೆಲಸ ಮಾಡುತ್ತಲೇ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ತಂದ ವರದಿಯ ಪ್ರಕಾರ ಜಗತ್ತಿನ ಸುಮಾರು 200 ಕೋಟಿ ಜನರ ಊಟದಲ್ಲಿ ಹುಳಗಳಿಗೆ ಜಾಗ ಇದೆ. ತಿನ್ನುವ ಹುಳಗಳಲ್ಲಿ 1,900ಕ್ಕೂ ಹೆಚ್ಚು ಜಾತಿ ಇವೆ. ಥಾಯ್ಲೆಂಡ್ ಒಂದರಲ್ಲೇ ಆಗ 20,000ಕ್ಕೂ ಹೆಚ್ಚು ಜನ ಮಿಡತೆಯಂಥ ಹುಳಗಳನ್ನು ತೊಟ್ಟಿಗಳಲ್ಲಿ ಸಾಕಿ ಮಾರುತ್ತಿದ್ದರು. ಅವರಿಗೆ ಅದು ಕೋಳಿ ಸಾಕಣೆ ಇದ್ದ ಹಾಗೆ, ಒಂದು ಕಸುಬು.

ಕಾಂಬೋಡಿಯಾದ ಸ್ಕುವೊನ್ ಅನ್ನೋ ಪೇಟೆಯ ವಿಷಯ ಇನ್ನೂ ಭಾರವಾದದ್ದು. ರಾಜಧಾನಿ ನೋಮ್ ಪೆನ್‌ನಿಂದ ಹೊರಟ ಬಸ್ಸುಗಳು ಅಲ್ಲಿ ನಿಲ್ಲುತ್ತವೆ. ಹೆಂಗಸರು ತಲೆಯ ಮೇಲೆ ತಟ್ಟೆ ಹೊತ್ತು ಬರುತ್ತಾರೆ. ತಟ್ಟೆ ತುಂಬ ಅಂಗೈ ಅಗಲದ ಕಪ್ಪು ಜೇಡಗಳು, ಬೆಳ್ಳುಳ್ಳಿ ಉಪ್ಪು ಹಾಕಿ ಕರಿದದ್ದು. ಪ್ರವಾಸಿ ಅಲ್ಲಿಗೆ ಹೋಗುವುದೇ ಅದನ್ನು ಕಚ್ಚುವ ಫೋಟೊಗೆ. 1975ರಿಂದ 1979ರವರೆಗೆ ಆ ದೇಶವನ್ನು ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪು ಆಳಿತು. ಪಟ್ಟಣದ ಜನರನ್ನೆಲ್ಲ ಹೊಲಕ್ಕೆ ಅಟ್ಟಿ, ಗಂಜಿ ನೀರಿನ ಮೇಲೆ ದುಡಿಸಿದರು. 15ರಿಂದ 20 ಲಕ್ಷ ಜನ ಸತ್ತರು, ಅದರಲ್ಲಿ ಹಸಿವಿನಿಂದ ಸತ್ತವರೇ ಲೆಕ್ಕವಿಲ್ಲದಷ್ಟು. ಆ ದಿನಗಳಲ್ಲಿ ಹೊಟ್ಟೆಗೆ ಏನಾದರೂ ಬೀಳಲಿ ಅಂತ ಜನ ಜೇಡ ಹಿಡಿದು ತಿಂದರು, ಆ ಅಭ್ಯಾಸ ಹಬ್ಬಿದ್ದು ಆಗಲೇ ಎಂಬುದು ಅಲ್ಲಿ ಕೇಳಿಬರುವ ಮಾತು.

ಈಗ ಕಾಂಬೋಡಿಯಾದವರೂ ಇಷ್ಟಪಟ್ಟು ಕೊಳ್ಳುತ್ತಾರೆ, ಒಂದು ಕಾಲದ ಹಸಿವು ರುಚಿಯಾಗಿ ಉಳಿದಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬಸ್ಸಿಳಿದು, ಜೇಡದ ಕಾಲು ಹಿಡಿದು ಕಿರುಚಿ, ಒಂದು ತುದಿ ಕಚ್ಚಿ, ಉಳಿದದ್ದನ್ನು ಉಗಿದು ಬಸ್ಸು ಹತ್ತುವವರನ್ನು ನೆನೆದರೆ ನನಗೆ ಸಂಕಟ ಆಗುತ್ತದೆ. ಆ ತಟ್ಟೆ ಹೊತ್ತ ಮುದುಕಿ ಇಪ್ಪತ್ತರ ಪ್ರಾಯದಲ್ಲಿ ಏನೇನು ತಿಂದು ಜೀವ ಉಳಿಸಿಕೊಂಡರೋ ಯಾರು ಕೇಳಿದರು? ಸುತ್ತಲಿನ ಕಾಡು ಕರಗಿದ ಹಾಗೆ ಜೇಡಗಳೂ ಕಡಿಮೆಯಾಗುತ್ತಿವೆ. ಬೇಡಿಕೆ ಮಾತ್ರ ಇಳಿದಿಲ್ಲ.

ವಿಚಿತ್ರ ಅನ್ನೋದು ತಟ್ಟೆಯಲ್ಲಿ ಇರುತ್ತದೋ, ನೋಡುವವರ ಕಣ್ಣಲ್ಲೋ? ಇದಕ್ಕೆ ನನಗೆ ಸಿಕ್ಕ ಒಳ್ಳೆ ಉದಾಹರಣೆ ಸ್ಯಾಮ್ಯುಯೆಲ್ ಮೋರ್ಸ್. ತಂತಿ ಸಂದೇಶ, ಮೋರ್ಸ್ ಕೋಡ್ ಅಂದರೆ ನೆನಪಾಗುವ ಅದೇ ಮೋರ್ಸ್. ಅದಕ್ಕೂ ಮುಂಚೆ ಅವರು ಚಿತ್ರ ಬರೆಯುತ್ತಿದ್ದರು. 1831ರಲ್ಲಿ ಇಟಲಿಯ ನೇಪಲ್ಸ್‌ಗೆ ಹೋದಾಗ ಬೀದಿಯಲ್ಲಿ ಬಡವರು ತಿನ್ನುತ್ತಿದ್ದ ಒಂದು ತಿಂಡಿ ನೋಡಿದರು. ಹಿಟ್ಟಿನ ಮೇಲೆ ಟೊಮೆಟೊ ಚೂರು, ಸಣ್ಣ ಮೀನು, ಕಾಳುಮೆಣಸಿನ ಪುಡಿ. ನೋಡಿದರೆ ವಾಕರಿಕೆ ಬರುತ್ತದೆ, ಚರಂಡಿಯಿಂದ ಎತ್ತಿದ ರೊಟ್ಟಿಯ ಹಾಗಿದೆ ಎಂಬರ್ಥದಲ್ಲಿ ಬರೆದುಕೊಂಡರು. ಅವರು ಹಾಗೆ ಬರೆದದ್ದು ಪಿಜ್ಜಾ ಬಗ್ಗೆ. 2017ರಲ್ಲಿ ಯುನೆಸ್ಕೊ ನೇಪಲ್ಸ್‌ನ ಪಿಜ್ಜಾ ಮಾಡುವವರ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನೊಂದು ಕಡೆಯಿಂದಲೂ ನೋಡಬಹುದು. ಆ ರಾತ್ರಿ ನಾನು ಬೇಡ ಅಂದ ಸೋಮ್ ತಮ್ ಇದೆಯಲ್ಲ, ಇಸಾನ್‌ನ ಅಪ್ಪಟ ತಿನಿಸು ಅಂತ ಎಲ್ಲರೂ ಹೇಳುವುದು ಅದನ್ನೇ. ಪಪ್ಪಾಯಿ ಕಾಯಿಯ ಸೀಳು, ಹಸಿಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ ಬೀಜ. ಈ ನಾಲ್ಕೂ ಅಮೆರಿಕ ಖಂಡದವು. 1492ರ ನಂತರ ಸ್ಪೇನ್, ಪೋರ್ಚುಗಲ್ಲಿನ ಹಡಗುಗಳ ಹಿಂದೆ ಹಿಂದೆ ಏಷ್ಯಾಕ್ಕೆ ಬಂದವು. ಮೊದಲು ಬಂದಾಗ ಆ ಮೆಣಸಿನಕಾಯಿ ಇಲ್ಲಿಯವರಿಗೆ ಎಷ್ಟು ವಿಚಿತ್ರ ಅನ್ನಿಸಿರಬೇಡ! ಹಾಗಾಗಿ ಹೊಸದನ್ನು ತಿನ್ನುವ ಆಸೆ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲಾರೆ. ಆ ಆಸೆ ಇಲ್ಲದಿದ್ದರೆ ಒರಳಲ್ಲಿ ಸೋಮ್ ತಮ್ ಕುಟ್ಟುವ ಸದ್ದೇ ಇರುತ್ತಿರಲಿಲ್ಲ. ಯಾರೋ ಮೆಣಸಿನಕಾಯಿ ಕಚ್ಚಿದರು, ಕಣ್ಣಲ್ಲಿ ನೀರು ಬಂತು, ಮರುದಿನ ಮತ್ತೆ ಕಚ್ಚಿದರು. ಆ ಮರುದಿನದಲ್ಲೇ ಎಲ್ಲ ಇದೆ ಅಂತ ನನಗೆ ಅನಿಸುತ್ತದೆ. ಪ್ರವಾಸಿ ಮರುದಿನ ಬರುವುದಿಲ್ಲ.

ಅದೇ ಪ್ರವಾಸದಲ್ಲಿ ನಾನೂ ಒಂದು ಕಡೆ ಮರುದಿನ ಹೋದೆ. ಉಳಿದುಕೊಂಡಿದ್ದ ಓಣಿಯ ಬಾಯಲ್ಲಿ, ಫುಟ್‌ಪಾತಿನ ಮೇಲೆ, ಬೆಳಿಗ್ಗೆ ಐದೂವರೆಗೆ ಒಬ್ಬರು ಜೋಕ್ ಮಾರುತ್ತಿದ್ದರು. ಜೋಕ್ ಅಂದರೆ ಅಕ್ಕಿ ಕರಗುವವರೆಗೆ ಬೇಯಿಸಿದ ಗಂಜಿ. ಅದರೊಳಗೆ ಸಣ್ಣ ಹಂದಿಮಾಂಸದ ಉಂಡೆ, ಬೇಕಾದರೆ ಒಂದು ಮೊಟ್ಟೆ, ಮೇಲೆ ಎಳೆ ಎಳೆಯಾಗಿ ಹೆಚ್ಚಿದ ಶುಂಠಿ, ಈರುಳ್ಳಿ ಸೊಪ್ಪು. ಗಿರಾಕಿಗಳೆಲ್ಲ ಅವರನ್ನು ಪಾ ಅಂತ ಕರೆಯುತ್ತಿದ್ದರು. ಪಾ ಅಂದರೆ ದೊಡ್ಡಮ್ಮ.

ಮೊದಲ ದಿನ ಹೋಗಿದ್ದು ಹಸಿವಾಗಿತ್ತು ಅಂತ, ಅಷ್ಟೇ. ಸಾಲಿನಲ್ಲಿ ಯೂನಿಫಾರಂ ಹಾಕಿದ ಮಕ್ಕಳು, ಆಫೀಸಿಗೆ ಹೊರಟವರು, ಕಿತ್ತಳೆ ಜಾಕೆಟ್ಟಿನ ಬೈಕ್ ಟ್ಯಾಕ್ಸಿಯವರು. ಯಾರೂ ಮಾತಾಡುತ್ತಿರಲಿಲ್ಲ, ಇನ್ನೂ ನಿದ್ದೆಗಣ್ಣು. ಪಾ ಮೊಟ್ಟೆಯನ್ನು ಬಟ್ಟಲಿನ ಅಂಚಿಗೆ ಒಂದೇ ಸಲ ತಟ್ಟಿ ಒಡೆದು ತಳಕ್ಕೆ ಬಿಡುತ್ತಿದ್ದರು. ಮೇಲೆ ಕುದಿಯುವ ಗಂಜಿ ಸುರಿಯುತ್ತಿದ್ದರು. ಚಮಚ ಹಾಕಿದಾಗ ಬಿಳಿ ಅರ್ಧ ಗಟ್ಟಿಯಾಗಿ, ಹಳದಿ ಇನ್ನೂ ಹರಿಯುತ್ತಿರುತ್ತಿತ್ತು. ಪಾರ್ಸೆಲ್ ಕೇಳಿದವರಿಗೆ ಪ್ಲಾಸ್ಟಿಕ್ ಚೀಲಕ್ಕೆ ಗಂಜಿ ಹುಯ್ದು, ಬಾಯಿ ಹಿಡಿದು ಒಮ್ಮೆ ತಿರುಗಿಸಿದರೆ ಚೀಲ ಗಾಳಿ ತುಂಬಿ ಬಲೂನಿನ ಹಾಗೆ ಉಬ್ಬುತ್ತಿತ್ತು. ಬೆರಳಿನಿಂದ ರಬ್ಬರ್ ಬ್ಯಾಂಡ್ ಹಾರಿ ಬಂದು ಎರಡು ಸುತ್ತು ಸುತ್ತಿ ಕೂರುತ್ತಿತ್ತು. ಎಣಿಸಿದರೆ ಮೂರು ಸೆಕೆಂಡು. ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ.

ಎರಡನೇ ದಿನ ನಾನು ಶುಂಠಿ ಕಡಿಮೆ ಅಂತ ಬೆರಳಲ್ಲಿ ತೋರಿಸಿದೆ. ಮೂರನೇ ದಿನ ಪಾ ಶುಂಠಿಯ ಡಬ್ಬಿಯ ಮೇಲೆ ಕೈ ಇಟ್ಟು ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ. ನಾಲ್ಕನೇ ದಿನ ಕೇಳಲೇ ಇಲ್ಲ. ಬಟ್ಟಲು ಬಂತು, ನಾಲ್ಕೇ ಎಳೆ ಶುಂಠಿ. ನಾನು ನೋಡಿದ ಎಲ್ಲ ಊರುಗಳಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಸಿಕ್ಕಿಲ್ಲ. ಅಲ್ಲಿ ಒಂದೂ ಫೋಟೊ ತೆಗೆಯಲಿಲ್ಲ. ಬಿಳಿ ಗಂಜಿಯ ಫೋಟೊ ಯಾರು ನೋಡುತ್ತಾರೆ ಅಂದುಕೊಂಡಿದ್ದೆ.

ಬೀದಿ ಊಟ ಅಂದರೆ ಬಹುಪಾಲು ಇಂಥದ್ದೇ. ದಿನಕ್ಕೆ ಸುಮಾರು 250 ಕೋಟಿ ಜನ ಬೀದಿಯಲ್ಲಿ ಕೊಂಡ ಊಟ ತಿನ್ನುತ್ತಾರೆ ಎಂಬುದು ಅದೇ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜು. ಅವರಲ್ಲಿ ಸಾಹಸಕ್ಕೆ ತಿನ್ನುವವರು ಎಷ್ಟು ಜನ? ಮನೆಯಲ್ಲಿ ಒಲೆ ಹಚ್ಚೋಕೆ ಸಮಯ ಇಲ್ಲ, ಬಾಡಿಗೆ ಕೋಣೆಯಲ್ಲಿ ಅಡುಗೆಮನೆಯೇ ಇಲ್ಲ, ಕೈಯಲ್ಲಿ ಇರೋ ದುಡ್ಡಿಗೆ ಹೊಟ್ಟೆ ತುಂಬಬೇಕು. ಹಾಗಾಗಿ ತಿನ್ನುತ್ತಾರೆ. 'ಯಾರಿಗೂ ಗೊತ್ತಿಲ್ಲದ ಜಾಗ' ಅಂತ ವಿಡಿಯೊಗಳ ಮೇಲೆ ಬರೆದಿರುತ್ತದೆ. ಅದೇ ವಿಡಿಯೊದಲ್ಲಿ ಹಿಂದೆ ಮೂವತ್ತು ಜನ ಸಾಲಾಗಿ ನಿಂತಿರುತ್ತಾರೆ. ಅವರಿಗೆ ಗೊತ್ತಿದೆಯಲ್ವಾ?

2016ರ ಮೇ ತಿಂಗಳಲ್ಲಿ ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಮತ್ತು ಊರೂರು ಸುತ್ತಿ ಊಟದ ಟಿವಿ ಕಾರ್ಯಕ್ರಮ ಮಾಡುತ್ತಿದ್ದ ಅಂಥೋನಿ ಬೋರ್ಡೇನ್ ವಿಯೆಟ್ನಾಂನ ಹನೋಯ್‌ನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬುನ್ ಚಾ ತಿಂದರು. ಸುಟ್ಟ ಹಂದಿಮಾಂಸ, ಅಕ್ಕಿ ಶ್ಯಾವಿಗೆ, ಸೊಪ್ಪು. ಇಬ್ಬರದೂ ಸೇರಿ ಬಿಲ್ಲು 6 ಡಾಲರ್. ಪಕ್ಕದ ಮೇಜಿನವರು ತಮ್ಮ ಪಾಡಿಗೆ ತಿನ್ನುತ್ತಿದ್ದರು, ಆ ಚಿತ್ರ ನನಗೆ ತುಂಬಾ ಇಷ್ಟ. ಆಮೇಲೆ ಆ ಮೇಜಿಗೆ ಸುತ್ತಲೂ ಗಾಜು ಹಾಕಿದರು, ಬಟ್ಟಲು, ಬಿಯರ್ ಬಾಟಲಿ ಸಮೇತ. ಈಗ ಅಲ್ಲಿ ಯಾರೂ ಕೂತು ತಿನ್ನುವ ಹಾಗಿಲ್ಲ. ನೋಡಬಹುದು.

ಬ್ಯಾಂಕಾಕ್‌ನ ಜೇ ಫಾಯ್ ಅವರದ್ದೂ ಹೀಗೇ ಆಯಿತು. ಆಗಲೇ ಎಪ್ಪತ್ತು ದಾಟಿದ್ದ ಆ ತಾಯಿ ಕಣ್ಣಿಗೆ ಎಣ್ಣೆ ಸಿಡಿಯದಂತೆ ದೊಡ್ಡ ಕನ್ನಡಕ ಹಾಕಿಕೊಂಡು, ಇದ್ದಿಲ ಒಲೆಯ ಮುಂದೆ ನಿಂತು ಏಡಿ ಆಮ್ಲೆಟ್ ಮಾಡುತ್ತಿದ್ದರು. 2017ರ ಡಿಸೆಂಬರಿನಲ್ಲಿ ಒಳ್ಳೆ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಷೆಲಿನ್ ಗೈಡ್ ಬ್ಯಾಂಕಾಕ್‌ಗೆ ಮೊದಲ ಸಲ ಬಂದಾಗ ಅವರಿಗೆ ಒಂದು ನಕ್ಷತ್ರ ಸಿಕ್ಕಿತು. ಸ್ವಲ್ಪ ದಿನಕ್ಕೇ ಅವರು, ಎಷ್ಟೋ ಜನ ತಿನ್ನೋಕೆ ಬರೋದಿಲ್ಲ, ನೋಡಿ ಫೋಟೊ ತೆಗೆಯೋಕೆ ಬರುತ್ತಾರೆ, ನಕ್ಷತ್ರ ವಾಪಸ್ ಕೊಟ್ಟುಬಿಡೋಣ ಅನ್ನಿಸುತ್ತದೆ ಅಂತ ಪತ್ರಿಕೆಯವರ ಮುಂದೆ ಹೇಳಿಕೊಂಡರು.

ಆ ಗೈಡ್ ಬಂದದ್ದು ಸುಮ್ನೆ ಅಲ್ಲ. ಥಾಯ್ಲೆಂಡಿನ ಪ್ರವಾಸೋದ್ಯಮ ಪ್ರಾಧಿಕಾರ ಐದು ವರ್ಷಕ್ಕೆ 14.4 ಕೋಟಿ ಬಾತ್ ಕೊಡುವುದಾಗಿ ಒಪ್ಪಿಕೊಂಡಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ಯಾಂಕಾಕ್ ನಗರಾಡಳಿತ ಇನ್ನೊಂದು ಮಾತು ಹೇಳಿತ್ತು. ಊರಿನ ಮುಖ್ಯ ರಸ್ತೆಗಳ ಫುಟ್‌ಪಾತಿನಿಂದ ಮಾರುವವರನ್ನೆಲ್ಲ ತೆರವು ಮಾಡುತ್ತೇವೆ ಅಂತ. 2014ರ ಸೇನಾ ಆಡಳಿತದ ನಂತರ ತೆರವು ಆಗಲೇ ಶುರುವಾಗಿತ್ತು. ಈ ಸುದ್ದಿ ಹೊರದೇಶದ ಪತ್ರಿಕೆಗಳಲ್ಲಿ ಬಂದದ್ದೇ ತಡ, ಗದ್ದಲ ಆಯಿತು. ಆಗ ಒಂದು ಸಮಾಧಾನದ ಮಾತು ಬಂತು. ಯಾವರಾತ್, ಅಂದರೆ ಚೀನೀಯರ ಪೇಟೆ, ಮತ್ತು ಖಾವ್ ಸಾನ್ ಹಾಗೇ ಇರುತ್ತವೆ, ಚಿಂತೆ ಬೇಡ.

ಈ ಎರಡು ಹೆಸರನ್ನು ಓದಿದಾಗ ನನ್ನ ಕೈ ತಣ್ಣಗಾಯಿತು. ಉಳಿಯುವುದು ನಾವು ಫೋಟೊ ತೆಗೆಯುವ ಬೀದಿ ಊಟ. ಹೋಗುವುದು ಅಲ್ಲಿಯವರು ತಿನ್ನುವ ಬೀದಿ ಊಟ. ಫುಟ್‌ಪಾತ್ ಇರೋದು ನಡೆಯೋಕೆ, ಅದು ನಿಜ. ಗಾಲಿಕುರ್ಚಿಯವರು, ಮಗುವನ್ನು ಎತ್ತಿಕೊಂಡವರು ರಸ್ತೆಗೆ ಇಳಿಯಬೇಕಾಗುತ್ತದೆ, ಅವರ ದೂರು ಸುಳ್ಳಲ್ಲ. ಆದರೆ ಯಾವ ಗಾಡಿ ಉಳಿಯಬೇಕು ಅನ್ನೋದನ್ನು ನಾಲ್ಕು ದಿನಕ್ಕೆ ಬಂದು ಹೋಗುವ ನನ್ನ ಆಸೆ ನೋಡಿ ತೀರ್ಮಾನಿಸುವುದು ಎಂಥ ಅನ್ಯಾಯ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಸಿಂಗಪುರ 1971ರಿಂದ 1986ರವರೆಗೆ ಬೀದಿಯಲ್ಲಿ ಮಾರುವವರನ್ನೆಲ್ಲ ಸೂರು, ನಲ್ಲಿ ನೀರು, ಚರಂಡಿ ಇರುವ ಕಟ್ಟಡಗಳಿಗೆ ಸೇರಿಸಿತು. ಬೀದಿಯ ಸೊಗಸು ಹೋಯಿತು ಅನ್ನುವವರಿದ್ದಾರೆ. ನಾನು ಹಾಗೆ ಅನ್ನಲಾರೆ. ಅಲ್ಲಿ ಈಗಲೂ ಮಕ್ಕಳು, ಮುದುಕರು ದಿನದ ಊಟಕ್ಕೆ ಹೋಗುತ್ತಾರೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗಲೂ ಜನ ಒಟ್ಟಿಗೆ ಕೂತು ತಿನ್ನುವ ಆ ರೂಢಿಗೇ ಮನ್ನಣೆ ಸಿಕ್ಕಿದ್ದು. ಮಾರುವವರಿಗೆ ವಯಸ್ಸಾಗುತ್ತಿದೆ, ಮಕ್ಕಳು ಆ ಬಿಸಿಯಲ್ಲಿ ನಿಲ್ಲೋಕೆ ಒಪ್ಪುತ್ತಿಲ್ಲ, ಆ ಕಷ್ಟ ಬೇರೆ.

ನಾನೀಗ ಹೊಸ ಊರಿಗೆ ಹೋದರೆ ಬೆಳಿಗ್ಗೆ ಬೇಗ ಏಳುತ್ತೇನೆ. ಸಂಜೆಯ ಬೀದಿ ಪ್ರವಾಸಿಗಳಿಗೆ ಅಂತ ಸಿಂಗಾರ ಆಗಿರಬಹುದು, ಬೆಳಿಗ್ಗೆ ಆರು ಗಂಟೆಯ ಬೀದಿಗೆ ಅಷ್ಟು ಪುರುಸೊತ್ತಿಲ್ಲ. ಮಕ್ಕಳು ನಿಂತ ಸಾಲಿನಲ್ಲಿ ನಿಲ್ಲುತ್ತೇನೆ. ಮುಂದಿನವರು ಕೇಳಿದ್ದನ್ನೇ ಕೇಳುತ್ತೇನೆ. ಕಣ್ಣೆದುರು ಕುದಿಯುವುದನ್ನು ತಿಂದರೆ ಹೊಟ್ಟೆ ಕೆಡುವುದೂ ಕಡಿಮೆ. ಹಿಡಿಸಿದರೆ ಮರುದಿನವೂ ಅಲ್ಲಿಗೇ ಹೋಗುತ್ತೇನೆ. ಹತ್ತು ಕಡೆ ಒಂದೊಂದು ತುತ್ತು ತಿನ್ನಿಸುವ ಟೂರುಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಹನ್ನೆರಡು ಜನ ಒಮ್ಮೆಗೇ ಗಾಡಿ ಮುತ್ತಿಕೊಂಡು ನಿಂತಾಗ, ಹಿಂದೆ ಕೈಯಲ್ಲಿ ಚಿಲ್ಲರೆ ಹಿಡಿದು ಕಾಯುತ್ತಿದ್ದ ಒಬ್ಬ ಹುಡುಗ ಗಡಿಯಾರ ನೋಡಿ ಹಾಗೇ ಹೊರಟುಹೋದ. ಅವತ್ತೇ ಬಿಟ್ಟೆ.

2018ರ ಕೊನೆಯಲ್ಲಿ ಮತ್ತೆ ಬ್ಯಾಂಕಾಕ್‌ಗೆ ಹೋದೆ. ತಲುಪಿದ್ದು ರಾತ್ರಿ, ಖಾವ್ ಸಾನ್ ಮೇಲೇ ಬಂದೆವು. ಚೇಳಿನ ತಟ್ಟೆ ಇತ್ತು, ರಟ್ಟಿನ ಬೋರ್ಡ್ ಇತ್ತು. ಮರುದಿನ ಐದೂವರೆಗೆ ಎದ್ದು ಆ ಓಣಿಯ ಬಾಯಿಗೆ ನಡೆದೆ. ಫುಟ್‌ಪಾತ್ ಖಾಲಿ. ಸಿಮೆಂಟಿನ ಮೇಲೆ ಒಲೆ ಇದ್ದ ಜಾಗದಲ್ಲಿ ಎಣ್ಣೆ ಕುಡಿದ ಒಂದು ಕಪ್ಪು ಗುರುತು, ಅದರ ಮೇಲೆ ನೀರು ಹಾಕಿ ತೊಳೆದಿದ್ದರು. ಬೈಕ್ ಟ್ಯಾಕ್ಸಿಯವರು ಮಾತ್ರ ತಮ್ಮ ಬೆಂಚಿನ ಮೇಲೆ ಕೂತಿದ್ದರು. ನಾನು ಬಟ್ಟಲು, ಚಮಚದ ಸನ್ನೆ ಮಾಡಿ, 'ಪಾ?' ಅಂದೆ. ಅವರಲ್ಲೊಬ್ಬ ಹಿರಿಯರಿಗೆ ಅರ್ಥವಾಯಿತು. ಕೈಯನ್ನು ದೂರಕ್ಕೆ ಬೀಸಿ, ಹೋದರು ಅಂತ ತೋರಿಸಿದರು. ಎಲ್ಲಿಗೆ ಅಂತ ಕೇಳುವಷ್ಟು ಭಾಷೆ ನನಗಿರಲಿಲ್ಲ. ಅವರ ಇನ್ನೊಂದು ಕೈಯಲ್ಲಿ ಪೇಪರ್ ಕಪ್ ಇತ್ತು, ಅಂಗಡಿಯಲ್ಲಿ ಸಿಗುವ ಜೋಕ್ ಪುಡಿಗೆ ಬಿಸಿನೀರು ಹುಯ್ದುಕೊಂಡದ್ದು. ಅದನ್ನು ನನಗೆ ಎತ್ತಿ ತೋರಿಸಿದರು. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಸರಿದು, ಕೂತುಕೊಳ್ಳಿ ಅಂತ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು. ಕೂತೆ.